ಐವತ್ತು ಸೆಂಟಿನ ವಿಮೆ, ಒಂದು ಡಾಲರಿನ ಮದ್ದು

ಕಳೆದ ತಿಂಗಳು ನಮ್ಮ ಮನೆಗೆ ವಿಮೆಯ ಏಜೆಂಟರೊಬ್ಬರು ಬಂದಿದ್ದರು. ಏಜೆಂಟರೆಂದರೆ ಬೇರೆ ಯಾರೋ ಅಲ್ಲ. ನನ್ನ ಜೊತೆ ಕಚೇರಿಯಲ್ಲಿದ್ದ ಗೆಳೆಯರೊಬ್ಬರ ಮಗ, ವಿನಯವಂತ ಹುಡುಗ. ಆರೋಗ್ಯ ವಿಮೆಯ ಪಾಲಿಸಿ ಮುಗಿಯುವ ದಿನ ಹತ್ತಿರ ಬಂದಿದೆಯೆಂದು ನೆನಪಿಸಿ, ಹೊಸ ಕಂತಿನ ಮೊತ್ತ ಬರೆದಿದ್ದ ಕಾಗದವನ್ನು ಮೇಜಿನ ಮೇಲಿಟ್ಟ. ಹೋದ ವರ್ಷಕ್ಕಿಂತ ಮೊತ್ತ ಏರಿತ್ತು. ಹೋದ ವರ್ಷದ್ದೂ ಅದರ ಹಿಂದಿನ ವರ್ಷಕ್ಕಿಂತ ಏರಿಯೇ ಇದ್ದಿತು. ನಿವೃತ್ತಿಯ ಹಣ ಹೀಗೆ ಏರುವ ಅಭ್ಯಾಸವನ್ನು ಕಲಿತಿಲ್ಲ. ನನಗೆ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಸಕ್ಕರೆ ಕಾಯಿಲೆ. ಬೆಳಿಗ್ಗೆ ರಾತ್ರಿ ಇನ್ಸುಲಿನ್ ಚುಚ್ಚಿಕೊಳ್ಳುವವನು.

"ಬೇರೆ ಯಾವುದಾದರೂ ಕಂಪನಿಗೆ ಹೋಗಬಹುದೇನಪ್ಪ?" ಎಂದು ಕೇಳಿದೆ.

"ಹೋಗಬಹುದು ಸಾರ್. ಆದರೆ ಅವರೂ ಕೇಳ್ತಾರಲ್ಲ, ಸಕ್ಕರೆ ಎಷ್ಟು ವರ್ಷದಿಂದ ಅಂತ. ಕಾಯಿಲೆ ಬರೋಕೆ ಮುಂಚೆಯೇ ಇನ್ನೂ ದೊಡ್ಡ ಮೊತ್ತಕ್ಕೆ ಮಾಡಿಸಿಬಿಡಬೇಕಾಗಿತ್ತು ಸಾರ್" ಎಂದ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ನಮ್ಮ ಗಾದೆಯನ್ನು ಆ ಹುಡುಗ ನನಗೆ ಎಷ್ಟು ನಯವಾಗಿ ಹೇಳಿದ! ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಅದು ನನ್ನ ಮನಸ್ಸಿನಲ್ಲಿ ಉಳಿಯಿತು. ಕೊಡೆಯನ್ನು ಮಾರುವವನು ಮಳೆಗಾಲದಲ್ಲಿ ಅಂಗಡಿ ತೆರೆಯುತ್ತಾನೆ. ಆರೋಗ್ಯ ವಿಮೆಯೊಂದು ಮಾತ್ರ, ಅದು ಬೇಕೇಬೇಕಾದವನಿಗೆ ಎಲ್ಲರಿಗಿಂತ ದುಬಾರಿಯಾಗಿ, ಬೇಡದವನಿಗೆ ಅಗ್ಗವಾಗಿ ಸಿಕ್ಕುವ ಸರಕು. ಇದು ಹುಟ್ಟಿನಿಂದಲೇ ಹೀಗಿತ್ತೆ, ಅಥವಾ ನಡುವೆ ಯಾವಾಗಲೋ ಹೀಗಾಯಿತೆ? ಈ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋದರೆ ಅಮೆರಿಕಕ್ಕೆ ಹೋಗಬೇಕಾಗುತ್ತದೆ. ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲಿಯೇ ಕಾರ್ಮಿಕರಿಗೆ ಕಾಯಿಲೆಯ ವಿಮೆಯನ್ನು ಕಡ್ಡಾಯ ಮಾಡಿದ್ದನು. ಇಂಗ್ಲೆಂಡು 1948ರಲ್ಲಿ ವಿಮೆಯ ಗೊಡವೆಯನ್ನೇ ಬಿಟ್ಟು ಸರ್ಕಾರದ ವೈದ್ಯಸೇವೆಯನ್ನು ಆರಂಭಿಸಿತು. ಕಾಯಿಲೆಯವನೂ ವಿಮೆಯೂ ಎದುರುಬದುರು ನಿಂತು ದಶಕಗಟ್ಟಲೆ ಚೌಕಾಸಿ ಮಾಡಿದ ದೇಶ ಅಮೆರಿಕ. ಅಲ್ಲಿ ನಡೆದುದರ ನೆರಳನ್ನೇ ನಾವೀಗ ನಮ್ಮ ಜಗಲಿಯ ಮೇಲೆ ಕಾಣುತ್ತಿದ್ದೇವೆ.

ಮೊದಲು ಕಾಯಿಲೆಯ ಕಥೆ. ಮಧುಮೇಹ ಹೊಸದಲ್ಲ, ಆಯುರ್ವೇದದ ಹಳೆಯ ಗ್ರಂಥಗಳಿಗೆ ಅದರ ಪರಿಚಯ ಚೆನ್ನಾಗಿಯೇ ಇದ್ದಿತು. ಆದರೆ ಎಳೆಯ ವಯಸ್ಸಿನಲ್ಲಿ ಬರುವ ಉಗ್ರ ಬಗೆಯ ಮಧುಮೇಹ 'ದೀರ್ಘಕಾಲದ ಕಾಯಿಲೆ' ಎನ್ನಿಸಿಕೊಂಡು ಇನ್ನೂ ನೂರು ವರ್ಷವಷ್ಟೇ ಆಗಿದೆ. 1922ಕ್ಕೆ ಮುಂಚೆ ಅದಕ್ಕೆ ದೀರ್ಘಕಾಲವೆಂಬುದೇ ಇರಲಿಲ್ಲ. ಮಗು ಕೆಲವು ತಿಂಗಳುಗಳಲ್ಲಿ, ಹೆಚ್ಚೆಂದರೆ ಒಂದೆರಡು ವರ್ಷಗಳಲ್ಲಿ, ಕಣ್ಣೆದುರಿಗೆ ಸವೆದು ಹೋಗುತ್ತಿತ್ತು. ಆಗಿನ ದೊಡ್ಡ ವೈದ್ಯರಲ್ಲೊಬ್ಬರಾದ ಫ್ರೆಡರಿಕ್ ಆಲೆನ್ ಕಂಡುಕೊಂಡಿದ್ದ ಉಪಾಯವೆಂದರೆ ರೋಗಿಯನ್ನು ಉಪವಾಸದ ಅಂಚಿನಲ್ಲಿ ಇಟ್ಟು ಸಾವನ್ನು ಸ್ವಲ್ಪ ಮುಂದೂಡುವುದು. ಹಸಿವಿನಿಂದ ಸಾಯುವುದೋ ಸಕ್ಕರೆಯಿಂದ ಸಾಯುವುದೋ ಎಂಬಷ್ಟೇ ಆಯ್ಕೆ.

1922ನೆಯ ಇಸವಿ ಜನವರಿ 11ರಂದು ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ, ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ರಸವನ್ನು ಚುಚ್ಚಿದರು. ಹುಡುಗನ ತೂಕ ಆಗ 65 ಪೌಂಡು. ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ತಯಾರಿಸಿದ್ದ ಆ ರಸ ಶುದ್ಧವಾಗಿರಲಿಲ್ಲ, ಗುಣ ಹೇಳಿಕೊಳ್ಳುವಂತಿರಲಿಲ್ಲ. ಜೇಮ್ಸ್ ಕಾಲಿಪ್ ಎಂಬ ರಸಾಯನ ತಜ್ಞ ಹಗಲಿರುಳು ಕುಳಿತು ಅದನ್ನು ಶುದ್ಧಿಮಾಡಿದ ಮೇಲೆ ಜನವರಿ 23ರಂದು ಮತ್ತೆ ಚುಚ್ಚಿದರು. ಹುಡುಗ ಚೇತರಿಸಿಕೊಂಡ. ಮುಂದೆ 1935ರಲ್ಲಿ ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ ಅವನು ಬದುಕಿದ್ದ. ಅದೇ 1922ರಲ್ಲಿ ಬ್ಯಾಂಟಿಂಗರ ಬಳಿ ಬಂದ ಇನ್ನೊಂದು ಮಗು ಎಲಿಜಬೆತ್ ಹ್ಯೂಸ್, ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯ ಮಗಳು. ಎಲುಬಿನ ಹಂದರದಂತಿದ್ದ ಆಕೆ ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತು, 1981ರವರೆಗೆ ಬಾಳಿದಳು. ತನ್ನ ಕಾಯಿಲೆಯ ವಿಷಯವನ್ನು ಹೊರಗಿನವರಿಗೆ ತಿಳಿಯದಂತೆ ಮುಚ್ಚಿಟ್ಟುಕೊಂಡೇ ಬಾಳಿದಳೆನ್ನುವುದು ಗಮನಿಸಬೇಕಾದ ಮಾತು.

ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಇನ್ಸುಲಿನ್ನಿನ ಪೇಟೆಂಟು ಹಕ್ಕನ್ನು 1923ರಲ್ಲಿ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಯಾವ ವ್ಯಾಪಾರಿಯೂ ಅದನ್ನು ಒಬ್ಬನೇ ಕಟ್ಟಿಕೊಂಡು ಕೂರಬಾರದೆಂಬುದು ಅವರ ಉದ್ದೇಶ. ದೊಡ್ಡತನದ ಕೆಲಸ, ಸಂದೇಹವಿಲ್ಲ. ಆದರೆ ಈ ಮದ್ದಿನ ಸ್ವಭಾವವನ್ನು ನಾವು ಮರೆಯಬಾರದು. ಇನ್ಸುಲಿನ್ ಮಧುಮೇಹವನ್ನು ವಾಸಿ ಮಾಡಲಿಲ್ಲ. ಸಾವನ್ನು ತೆಗೆದುಹಾಕಿ ಅದರ ಜಾಗದಲ್ಲಿ ಒಂದು ಖರ್ಚನ್ನು ಇಟ್ಟಿತು. ದಿನದಿನದ, ಜೀವಮಾನದ ಖರ್ಚು. ಹಿಂದೆ ಸತ್ತುಹೋಗುತ್ತಿದ್ದವನು ಈಗ ಬದುಕಿದ್ದಾನೆ. ಬದುಕಿರುವುದರಿಂದಲೇ ಅವನಿಗೆ ಮದ್ದು ಬೇಕು, ಸೂಜಿ ಬೇಕು, ವೈದ್ಯರು ಬೇಕು. ವರ್ಷಗಳು ಕಳೆದಂತೆ ಕಣ್ಣು, ಕಾಲು, ಮೂತ್ರಪಿಂಡ ಒಂದೊಂದಾಗಿ ತಂಟೆ ಹೂಡಿದಾಗ ಆಸ್ಪತ್ರೆಯೂ ಬೇಕು. ಈ ಹೊಸ ಬಗೆಯ ಮನುಷ್ಯ, ಕಾಯಿಲೆಯೊಡನೆ ಸಂಸಾರ ಮಾಡುವವನು, ಜಗತ್ತಿನಲ್ಲಿ ಹೆಚ್ಚತೊಡಗಿದ್ದು ಆಗ.

ಇನ್ನು ವಿಮೆಯ ಕಥೆ. ಟೊರಾಂಟೊ ಪ್ರಸಂಗವಾಗಿ ಏಳು ವರ್ಷಗಳ ಮೇಲೆ, 1929ರಲ್ಲಿ, ಟೆಕ್ಸಾಸ್ ಸಂಸ್ಥಾನದ ಡಲ್ಲಾಸ್ ನಗರದಲ್ಲಿ ಅದು ಆರಂಭವಾಗುತ್ತದೆ. ಅಲ್ಲಿನ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಆಡಳಿತ ಜಸ್ಟಿನ್ ಫೋರ್ಡ್ ಕಿಂಬಲ್ ಎಂಬವರ ಕೈಗೆ ಬಂದಿತು. ಅವರು ವೈದ್ಯರಲ್ಲ, ಹಿಂದೆ ಅದೇ ಊರಿನ ಶಾಲೆಗಳ ಮೇಲಧಿಕಾರಿಯಾಗಿದ್ದವರು. ಆಸ್ಪತ್ರೆಯ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ, ಬಾಕಿ ಉಳಿಸಿಕೊಂಡವರ ಪಟ್ಟಿಯಲ್ಲಿ ತಮಗೆ ಪರಿಚಯವಿದ್ದ ಶಾಲಾ ಉಪಾಧ್ಯಾಯಿನಿಯರ ಹೆಸರುಗಳೇ! ಮೇಷ್ಟರ ಸಂಬಳ ಎಲ್ಲ ದೇಶದಲ್ಲೂ ಒಂದೇ ಜಾತಿಯದೆಂದು ಕಾಣುತ್ತದೆ. ಹಿಂದೆ ಅವರಿಗಾಗಿ ನಡೆಸಿದ್ದ ಕಾಯಿಲೆ ನಿಧಿಯೊಂದರ ಲೆಕ್ಕಪತ್ರ ಕಿಂಬಲ್ಲರ ಬಳಿ ಇದ್ದಿತು. ಅದನ್ನು ಹರಡಿಕೊಂಡು ಕುಳಿತು ಲೆಕ್ಕ ಹಾಕಿದರು: ತಲೆಗೆ ತಿಂಗಳಿಗೆ ಹದಿನೈದು ಸೆಂಟು ಬಂದರೆ ಆಸ್ಪತ್ರೆಯ ಖರ್ಚು ಹೊರಡುತ್ತದೆ. ಯಾವುದಕ್ಕೂ ಇರಲೆಂದು ಐವತ್ತು ಸೆಂಟು ಮಾಡಿದರು. ತಿಂಗಳಿಗೆ ಅರ್ಧ ಡಾಲರು ಕೊಡಿ, ಕಾಯಿಲೆ ಬಿದ್ದರೆ ವರ್ಷದಲ್ಲಿ 21 ದಿನ ನಮ್ಮ ಆಸ್ಪತ್ರೆಯಲ್ಲಿರಿ, ಇದೇ ಒಪ್ಪಂದ. ಸುಮಾರು ಹನ್ನೆರಡು ನೂರೈವತ್ತು ಉಪಾಧ್ಯಾಯರು ಸೇರಿದರು. ಆ ಡಿಸೆಂಬರಿನಲ್ಲಿ ಯೋಜನೆ ಜಾರಿಗೆ ಬಂದಿತು. ಕ್ರಿಸ್‌ಮಸ್ ಸುಮಾರಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಕಾಲಿನ ಗಿಣ್ಣು ಮುರಿದುಕೊಂಡ ಉಪಾಧ್ಯಾಯಿನಿಯೊಬ್ಬರು ಅದರ ಮೊದಲನೆಯ ಫಲಾನುಭವಿಯಾದರು. ನ್ಯೂಯಾರ್ಕಿನ ಷೇರುಪೇಟೆ ಕುಸಿದು ಆಗ್ಗೆ ಎರಡು ತಿಂಗಳು.

ಇಲ್ಲಿ ಎರಡು ವಿಷಯಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉಪಾಧ್ಯಾಯರಲ್ಲಿ ಬಹುಪಾಲು ಜನ, ಅಂದರೆ ಮುಕ್ಕಾಲು ಪಾಲು, ಒಟ್ಟಿಗೆ ಸೇರಿದರೆ ಮಾತ್ರ ಯೋಜನೆ ಎಂದು ಕಿಂಬಲ್ ಮೊದಲೇ ಕರಾರು ಹಾಕಿದ್ದರು. ಏಕೆ? ಕಾಯಿಲೆಯ ಭಯವಿದ್ದವರು ಮಾತ್ರ ಸೇರಿ, ಗಟ್ಟಿಮುಟ್ಟಾದವರು ದೂರ ನಿಂತರೆ ಐವತ್ತು ಸೆಂಟಿನಲ್ಲಿ ಆಸ್ಪತ್ರೆ ನಡೆಯುವುದಿಲ್ಲ. ಗಟ್ಟಿಯವನ ಅರ್ಧ ಡಾಲರಿನಲ್ಲಿಯೇ ಬಡಕಲನ ಹಾಸಿಗೆ ನಡೆಯಬೇಕು. ಆರೋಗ್ಯ ವಿಮೆಯ ಗುಟ್ಟೆಲ್ಲ ಇಷ್ಟೆ, ಮಿಕ್ಕದ್ದೆಲ್ಲ ಕಾಗದ. ಇನ್ನೊಂದು, ಆ ಮೊದಲನೆಯ ಕ್ಲೇಮು. ಮುರಿದ ಗಿಣ್ಣು! ವಿಮೆಯವರು ಹರಕೆ ಹೊತ್ತು ಬೇಡಿಕೊಂಡರೂ ಅಂಥ ಕ್ಲೇಮು ಸಿಕ್ಕಲಾರದು. ತಟ್ಟನೆ ಬಂದಿತು, ವಾಸಿಯಾಯಿತು, ಕಡತ ಮುಚ್ಚಿತು. ಪ್ರತಿದಿನ ಇನ್ಸುಲಿನ್ ಚುಚ್ಚಿಕೊಂಡು ಪಾಠ ಹೇಳುವ ಮೇಷ್ಟರ ವಿಷಯ ಆ ಒಪ್ಪಂದದಲ್ಲಿ ಬರುವುದೇ ಇಲ್ಲ. ಆತನ ಖರ್ಚು ಆಸ್ಪತ್ರೆಯ ಹಾಸಿಗೆಯದಲ್ಲ, ಮನೆಯ ಕಪಾಟಿನದು. ವಿಮೆ ಹುಟ್ಟಿದ್ದೇ ಅಪಘಾತವನ್ನು ಮನಸ್ಸಿನಲ್ಲಿಟ್ಟುಕೊಂಡು. ದಿನಚರಿಯಾಗಿಬಿಟ್ಟ ಕಾಯಿಲೆಯನ್ನು ಏನು ಮಾಡಬೇಕೆಂಬುದು ಅದಕ್ಕೆ ಅಂದೂ ತಿಳಿಯಲಿಲ್ಲ, ಮುಂದೆ ಬಹುಕಾಲ ತಿಳಿಯಲಿಲ್ಲ.

ಡಲ್ಲಾಸಿನ ಮಾದರಿ ಬೇರೆ ಊರುಗಳಿಗೂ ಹಬ್ಬಿತು. 1934ರಲ್ಲಿ ಮಿನೆಸೋಟದವರು ತಮ್ಮ ಯೋಜನೆಗೆ ನೀಲಿ ಶಿಲುಬೆಯ ಗುರುತನ್ನು ಹಾಕಿದರು. ಅದರಿಂದ ಎಲ್ಲಕ್ಕೂ 'ಬ್ಲೂ ಕ್ರಾಸ್' ಎಂಬ ಹೆಸರು ನಿಂತಿತು. ಇವು ಲಾಭದ ಸಂಸ್ಥೆಗಳಲ್ಲ. ಊರಿನವರಿಗೆಲ್ಲ ಒಂದೇ ದರ. ಕುಸ್ತಿಯ ಪೈಲ್ವಾನನೂ ಅಷ್ಟೇ ಕೊಡಬೇಕು, ಮಧುಮೇಹದ ಗುಮಾಸ್ತನೂ ಅಷ್ಟೇ ಕೊಡಬೇಕು. ಅಮೆರಿಕದ ವೈದ್ಯರ ಸಂಘ ಮೊದಮೊದಲು ಇಂಥ ಯೋಜನೆಗಳನ್ನು ಅನುಮಾನದಿಂದ ನೋಡಿತು, ಸಮಾಜವಾದವೆಂದು ಬೈಯಿತು. ಆ ಬೈಗುಳದಿಂದ ಅವುಗಳಿಗೆ ಹೆಚ್ಚಿನ ಹಾನಿಯೇನೂ ಆಗಲಿಲ್ಲ.

ಹಾನಿ ಬಂದುದು ಬೇರೆ ಬಾಗಿಲಿನಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬೆಲೆ ಏರದಿರಲೆಂದು ಅಮೆರಿಕದ ಸರ್ಕಾರ ಕೂಲಿ ಸಂಬಳಗಳಿಗೆ ಕಟ್ಟು ಹಾಕಿತು. ಆದರೆ ವಿಮೆಯ ಸೌಲಭ್ಯವನ್ನು ಆ ಕಟ್ಟಿನಿಂದ ಹೊರಗಿಟ್ಟಿತು. ಕೆಲಸಗಾರರಿಗಾಗಿ ಹಾತೊರೆಯುತ್ತಿದ್ದ ಕಾರ್ಖಾನೆಗಳು ಸಂಬಳದ ಬದಲು ವಿಮೆಯ ಆಸೆ ತೋರಿಸತೊಡಗಿದುವು. 1954ರ ತೆರಿಗೆ ಶಾಸನ ಈ ವಿಮೆಯ ಹಣಕ್ಕೆ ತೆರಿಗೆಯಿಲ್ಲವೆಂದು ಖಚಿತ ಮಾಡಿತು. ಹೀಗೆ ಯುದ್ಧಕಾಲದ ಒಂದು ತಾತ್ಕಾಲಿಕ ಉಪಾಯ ದೇಶದ ಕಾಯಂ ಪದ್ಧತಿಯಾಯಿತು. ಯಾರೂ ಕುಳಿತು ಯೋಚಿಸಿ ಮಾಡಿದುದಲ್ಲ.

ಈ ಪೇಟೆಗೆ ಲಾಭದ ವಿಮಾ ಕಂಪನಿಗಳು ಇಳಿದುವು. ಅವರ ಲೆಕ್ಕ ಬೇರೆ. ಊರಿಗೆಲ್ಲ ಒಂದೇ ದರ ಏಕೆ? ಈ ಕಾರ್ಖಾನೆಯ ಹುಡುಗರೆಲ್ಲ ಇಪ್ಪತ್ತೈದರ ಪ್ರಾಯದವರು, ಗಟ್ಟಿಗರು. ಇವರಿಗೆ ಕಡಿಮೆ ದರಕ್ಕೇ ಕೊಡಬಹುದು. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಅವರು ಆರೋಗ್ಯವಂತರ ಗುಂಪುಗಳನ್ನು ಆರಿಸಿಕೊಂಡರು. ಗಟ್ಟಿಗರು ಹೊರಟುಹೋದ ಮೇಲೆ ಬ್ಲೂ ಕ್ರಾಸಿನಲ್ಲಿ ಉಳಿದವರು ಮುದುಕರು, ರೋಗಿಗಳು. ಅವರ ಖರ್ಚು ಹೆಚ್ಚು, ದರ ಏರಿಸಬೇಕಾಯಿತು, ದರ ಏರಿದಂತೆಲ್ಲ ಇನ್ನಷ್ಟು ಗಟ್ಟಿಗರು ಬಿಟ್ಟುಹೋದರು. ಕೊನೆಗೆ ಬ್ಲೂ ಕ್ರಾಸಿನವರೂ ಸೋತು, ಒಂದೊಂದಾಗಿ ಹಳೆಯ ಸಮದರವನ್ನು ಕೈಬಿಟ್ಟು, ಗುಂಪಿನ ಆರೋಗ್ಯ ನೋಡಿ ದರ ಕಟ್ಟುವ ದಾರಿಗೇ ಬಂದರು. ಕಂಪನಿಗಳವರನ್ನು ದುಷ್ಟರೆನ್ನುವುದು ಸುಲಭ. ಆದರೆ ಕಡಿಮೆ ದರ ಕೊಡುವವನ ಬಳಿಗೆ ಹೋದ ಆ ಇಪ್ಪತ್ತೈದರ ಹುಡುಗ ಮಾಡಿದುದೇನು? ನಾವೂ ನೀವೂ ತರಕಾರಿ ಅಂಗಡಿಯಲ್ಲಿ ಮಾಡುವುದನ್ನೇ.

ಈ ಪದ್ಧತಿಯಲ್ಲಿ ಕೆಲಸವಿದ್ದವನಿಗೆ ವಿಮೆ. ಕೆಲಸ ಹೋದವನಿಗೆ, ಮುದುಕನಿಗೆ, ಕಾಯಿಲೆಯಿಂದಲೇ ಕೆಲಸ ಕಳೆದುಕೊಂಡವನಿಗೆ ಅದಿಲ್ಲ. ಅಧ್ಯಕ್ಷ ಟ್ರೂಮನ್ 1945ರಲ್ಲಿ ಎಲ್ಲರಿಗೂ ರಾಷ್ಟ್ರೀಯ ವಿಮೆಯ ಸಲಹೆಯನ್ನು ಕಾಂಗ್ರೆಸ್ಸಿನ ಮುಂದಿಟ್ಟರು, ವೈದ್ಯರ ಸಂಘ ಧಾರಾಳವಾಗಿ ಹಣ ಸುರಿದು ಪ್ರಚಾರ ಮಾಡಿತು, ಸಲಹೆ ಬಿದ್ದುಹೋಯಿತು. ಇಪ್ಪತ್ತು ವರ್ಷಗಳ ಮೇಲೆ, 1965ರ ಜುಲೈ 30ರಂದು, ಅಧ್ಯಕ್ಷ ಜಾನ್ಸನ್ ವೃದ್ಧ ಟ್ರೂಮನ್ನರ ಊರಿಗೇ ಹೋಗಿ ಮೆಡಿಕೇರ್ ಶಾಸನಕ್ಕೆ ಸಹಿ ಹಾಕಿ, ಮೊದಲನೆಯ ಕಾರ್ಡನ್ನು ಅವರ ಕೈಗಿತ್ತರು. ಆದರೆ ಅದು 65 ದಾಟಿದವರಿಗೆ. ನಲವತ್ತರಲ್ಲಿ ರೋಗ ಬೇರೂರಿದವನು ಅರುವತ್ತೈದರವರೆಗೆ ಹೇಗಾದರೂ ಬದುಕಿಕೊಳ್ಳಬೇಕು.

ಬದುಕಿಕೊಳ್ಳುವುದೆಂದರೇನೆಂಬುದನ್ನು ತಿಳಿಯಬೇಕಾದರೆ ಸಿಯಾಟಲ್ ನಗರದ ಕಥೆಯನ್ನು ಕೇಳಬೇಕು. ಮೂತ್ರಪಿಂಡಗಳು ಕೆಟ್ಟುಹೋದವನ ರಕ್ತವನ್ನು ಯಂತ್ರದಿಂದ ಶುದ್ಧಿಮಾಡುವ ವಿದ್ಯೆಯನ್ನು ಹಾಲೆಂಡಿನ ವೈದ್ಯ ವಿಲೆಮ್ ಕೋಲ್ಫ್ ಯುದ್ಧದ ನಡುವೆ, 1943ರಲ್ಲಿ, ಜರ್ಮನರ ಕಣ್ಣಡಿಯಲ್ಲಿಯೇ ಸಾಧಿಸಿದ್ದನು. ಆದರೆ ಪ್ರತಿ ಸಲವೂ ಹೊಸದಾಗಿ ರಕ್ತನಾಳ ಬಗೆಯಬೇಕು. ಕೆಲವು ಸಲದ ಮೇಲೆ ನಾಳಗಳೇ ಉಳಿಯುತ್ತಿರಲಿಲ್ಲ. 1960ರಲ್ಲಿ ಸಿಯಾಟಲ್ಲಿನ ಡಾಕ್ಟರ್ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯೊಂದನ್ನು ತೋಳಿನಲ್ಲಿ ಶಾಶ್ವತವಾಗಿ ಇರಿಸುವ ಉಪಾಯ ಕಂಡುಹಿಡಿದರು. ಮಾರ್ಚ್ 9ರಂದು ಕ್ಲೈಡ್ ಶೀಲ್ಡ್ಸ್ ಎಂಬ ಯಂತ್ರಕಾರ್ಮಿಕನಿಗೆ ಅದನ್ನು ಇರಿಸಿದರು. ಇಂದೋ ನಾಳೆಯೋ ಎನ್ನುವಂತಿದ್ದವನು ಇನ್ನೂ ಹನ್ನೊಂದು ವರ್ಷ ಬದುಕಿದ. ಇನ್ಸುಲಿನ್ನಿನ ಕಥೆಯೇ ಇದು, ಇನ್ನೂ ದುಬಾರಿಯಾಗಿ: ಸಾವು ಹೋಯಿತು, ಖರ್ಚು ಬಂದಿತು. ವರ್ಷಕ್ಕೆ ಹತ್ತು ಹದಿನೈದು ಸಾವಿರ ಡಾಲರ್. ಆಗಿನ ಸಾಮಾನ್ಯ ಕೆಲಸಗಾರನ ವರ್ಷದ ದುಡಿಮೆಗಿಂತ ಅದು ಹೆಚ್ಚು.

1962ರ ಜನವರಿಯಲ್ಲಿ ಸಿಯಾಟಲ್ಲಿನಲ್ಲಿ ಕೃತಕ ಮೂತ್ರಪಿಂಡ ಕೇಂದ್ರ ತೆರೆಯಿತು. ಹಾಸಿಗೆಗಳು ಮೂರು, ಬೇಕೆನ್ನುವವರು ಎಷ್ಟೋ ಮಂದಿ. ಯಾರಿಗೆ ಕೊಡುವುದು? ವೈದ್ಯರು ಆ ಪಾಪವನ್ನು ತಾವೊಬ್ಬರೇ ಹೊರಲು ಒಪ್ಪದೆ ಊರಿನ ಏಳು ಜನರ ಸಮಿತಿ ಮಾಡಿದರು: ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕರ್, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರವೈದ್ಯ. ಅವರ ಹೆಸರುಗಳನ್ನು ಗುಟ್ಟಾಗಿಟ್ಟಿದ್ದರು. ರೋಗಿಯ ಮುಖವನ್ನು ಅವರು ಕಾಣುತ್ತಿರಲಿಲ್ಲ. ಮುಂದಿದ್ದುದು ಬರಿಯ ಕಾಗದ. ವಯಸ್ಸು, ಮದುವೆ, ಮಕ್ಕಳೆಷ್ಟು, ಆಸ್ತಿಯೆಷ್ಟು, ವಿದ್ಯೆಯೆಷ್ಟು, ಇಗರ್ಜಿಗೆ ಹೋಗುವ ಅಭ್ಯಾಸವುಂಟೆ, ಸಮಾಜಕ್ಕೆ ಮುಂದೆ ಉಪಯೋಗವಾದಾನೆ — ಇವನ್ನು ತೂಗಿ ನೋಡಿ ಒಬ್ಬನಿಗೆ ಹಾಸಿಗೆ, ಇನ್ನೊಬ್ಬನಿಗೆ ಇಲ್ಲ. ಆ ವರ್ಷದ ನವೆಂಬರಿನಲ್ಲಿ ಶಾನಾ ಅಲೆಕ್ಸಾಂಡರ್ ಎಂಬ ಲೇಖಕಿ 'ಲೈಫ್' ಪತ್ರಿಕೆಯಲ್ಲಿ ಇದನ್ನೆಲ್ಲ ವಿವರವಾಗಿ ಬರೆದಾಗ ದೇಶವೇ ಬೆಚ್ಚಿತು. ಜನ ಅದಕ್ಕೆ 'ದೇವರ ಸಮಿತಿ' ಎಂದು ಹೆಸರಿಟ್ಟರು. ಇಂಥ ತಕ್ಕಡಿಯಲ್ಲಿ ಕಾಡಿನ ಗುಡಿಸಲಿನಲ್ಲಿ ಒಂಟಿಯಾಗಿ ಬದುಕಿದ ಥೋರೋನಂಥವನಿಗೆ ಎಂದೂ ಹಾಸಿಗೆ ಸಿಕ್ಕುತ್ತಿರಲಿಲ್ಲವೆಂದು 1968ರಲ್ಲಿ ಇಬ್ಬರು ವಿದ್ವಾಂಸರು ಕಟುವಾಗಿ ಬರೆದರು.

ನನಗೆ ಆ ಏಳು ಜನರ ಮೇಲೆ ಕೋಪ ಬರುವುದಿಲ್ಲ. ಅವರು ಮಾಡಿದುದನ್ನು ಬೇರೆ ಕಡೆ ಬೆಲೆಪಟ್ಟಿ ಸದ್ದಿಲ್ಲದೆ ಮಾಡುತ್ತಿತ್ತು. ಸಿಯಾಟಲ್ಲಿನಲ್ಲಿ ಕಡೆಯ ಪಕ್ಷ ಏಳು ಮನುಷ್ಯರಾದರೂ ಒಂದು ಮೇಜಿನ ಸುತ್ತ ಕುಳಿತು ಸಂಕಟಪಟ್ಟರು.

1971ರ ನವೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ವಿಚಿತ್ರ ದೃಶ್ಯ ನಡೆಯಿತು. ನ್ಯೂಯಾರ್ಕಿನ ಶೆಪ್ ಗ್ಲೇಜರ್ ಎಂಬ ರೋಗಿ, ಡಯಾಲಿಸಿಸ್ ರೋಗಿಗಳ ಸಂಘದ ಉಪಾಧ್ಯಕ್ಷ, ಕಾಂಗ್ರೆಸ್ಸಿನ ತೆರಿಗೆ ಸಮಿತಿಯ ಎದುರಿಗೆ ಸಾಕ್ಷಿ ಹೇಳಲು ಬಂದವನು ಯಂತ್ರವನ್ನೂ ಜೊತೆಗೆ ತಂದು, ಸದಸ್ಯರ ಕಣ್ಣೆದುರಿಗೇ ತನ್ನ ರಕ್ತವನ್ನು ಅದರಲ್ಲಿ ಹರಿಯಿಸಿ ತೋರಿಸಿದ. ಹೆಂಡತಿ ಮಕ್ಕಳು ಪಕ್ಕದಲ್ಲಿದ್ದರು. ಏನಾದರೂ ಹೆಚ್ಚುಕಡಿಮೆಯಾದರೆ ಎಲ್ಲ ರೋಗಿಗಳ ಆಸೆಗೂ ಕುತ್ತಾಗುವುದೆಂದು ಕೆಲವು ವೈದ್ಯರಿಗೆ ಅದು ಸರಿಬಿದ್ದಿರಲಿಲ್ಲ. ಮುಂದಿನ ವರ್ಷ ಸೆಪ್ಟೆಂಬರ್ 30ರಂದು, ಶನಿವಾರ, ಸೆನೆಟ್ಟಿನಲ್ಲಿ ವಾನ್ಸ್ ಹಾರ್ಟ್ಕೆ ಒಂದು ತಿದ್ದುಪಡಿ ತಂದರು. ಮೂತ್ರಪಿಂಡ ಕೆಟ್ಟವರಿಗೆ ವಯಸ್ಸು ಎಷ್ಟೇ ಇರಲಿ ಮೆಡಿಕೇರ್ ಕೊಡಬೇಕೆಂದು. ಅರ್ಧ ಗಂಟೆಯ ಚರ್ಚೆ. 52 ಪರ, 3 ವಿರುದ್ಧ. ಅಧ್ಯಕ್ಷ ನಿಕ್ಸನ್ ಅಕ್ಟೋಬರ್ 30ರಂದು ಸಹಿ ಮಾಡಿದರು. ಗ್ಲೇಜರನ ಯಂತ್ರವೇ ಈ ಶಾಸನ ತಂದಿತೆನ್ನುವುದು ಕಥೆಗೆ ಚೆನ್ನಾಗಿರುತ್ತದೆ. ತೆರೆಯ ಹಿಂದೆ ವರ್ಷಗಳಿಂದ ದುಡಿದ ವೈದ್ಯರ, ಅಧಿಕಾರಿಗಳ ಪಾಲನ್ನು ಅದು ನುಂಗಿಬಿಡುತ್ತದೆ. ಅಂತೂ 1973ರ ಜುಲೈಯಿಂದ ದೇವರ ಸಮಿತಿಗೆ ಕೆಲಸ ಉಳಿಯಲಿಲ್ಲ. ಆಗ ಸುಮಾರು ಹತ್ತು ಸಾವಿರವಿದ್ದ ಡಯಾಲಿಸಿಸ್ ರೋಗಿಗಳ ಸಂಖ್ಯೆ ಈಗ ಆ ದೇಶದಲ್ಲಿ ಐದು ಲಕ್ಷವನ್ನು ಮೀರಿದೆ.

ಒಂದು ಅಂಗಕ್ಕೆ ಸಿಕ್ಕಿದ್ದು ನಾಳೆ ಎಲ್ಲ ಅಂಗಗಳಿಗೂ ಸಿಕ್ಕೀತೆಂದು ಆಗ ಹಲವರು ನಂಬಿದ್ದರು. ಹಾಗಾಗಲಿಲ್ಲ. ಅಲ್ಲಿಂದ ಮುಂದಕ್ಕೂ ಮಧುಮೇಹದವನು ಪಾಡು ಪಡುತ್ತಲೇ ಇದ್ದ. ಇಲ್ಲೊಂದು ಸೋಜಿಗವಿದೆ. ಮಧುಮೇಹವನ್ನು ಹತೋಟಿಯಲ್ಲಿಟ್ಟುಕೊಳ್ಳಲು ಅವನಿಗೆ ನೆರವಿಲ್ಲ. ಅದು ಕೈಮೀರಿ ಮೂತ್ರಪಿಂಡವನ್ನು ತಿಂದ ಮೇಲೆ ಮಾತ್ರ ಸರ್ಕಾರ ಬಾಗಿಲು ತೆರೆಯುತ್ತದೆ! 1986ರ ಶಾಸನವೊಂದು, ಕೆಲಸ ಹೋದವನು ಹಳೆಯ ವಿಮೆಯನ್ನು ಹದಿನೆಂಟು ತಿಂಗಳು ಇಟ್ಟುಕೊಳ್ಳಬಹುದೆಂದಿತು. ಆದರೆ ಯಜಮಾನನ ಪಾಲನ್ನೂ ಅವನೇ ಕೊಡಬೇಕು, ಮೇಲೆ ನೂರಕ್ಕೆ ಎರಡು ಖರ್ಚಿನ ಬಾಬ್ತು. ಸಂಬಳವಿಲ್ಲದವನಿಗೆ ಇದು ಅನುಗ್ರಹವೋ ಅಣಕವೋ ತಿಳಿಯದು. ಬಿಟ್ಟರೆ ವಿಮೆ ಸಿಕ್ಕದೆಂಬ ಹೆದರಿಕೆಯಿಂದ, ಬೇಡದ ಕೆಲಸಕ್ಕೆ ಅಂಟಿಕೊಂಡೇ ಆಯುಷ್ಯ ಕಳೆದವರು ಅಲ್ಲಿ ಬಹಳ. ಹೊರಗೆ ಸ್ವಂತವಾಗಿ ವಿಮೆ ಕೇಳಿದರೆ 'ಮೊದಲೇ ಇದ್ದ ಕಾಯಿಲೆ' ಎಂದು ತಿರಸ್ಕಾರ. 2007ರಿಂದ 2009ರವರೆಗಿನ ಮೂರು ವರ್ಷಗಳಲ್ಲಿ ನಾಲ್ಕು ದೊಡ್ಡ ಕಂಪನಿಗಳೇ ಹೀಗೆ ಆರು ಲಕ್ಷ ಐವತ್ತು ಸಾವಿರಕ್ಕೂ ಮೇಲ್ಪಟ್ಟು ಅರ್ಜಿಗಳನ್ನು ಹಿಂದಕ್ಕೆ ಕಳುಹಿಸಿದುವೆಂದು ಅಲ್ಲಿನ ಕಾಂಗ್ರೆಸ್ಸಿನ ಸಮಿತಿಯೊಂದು ಲೆಕ್ಕ ಕೊಟ್ಟಿತು.

ಹಾಗಾದರೆ ಯಾರನ್ನೂ ತಿರಸ್ಕರಿಸಕೂಡದೆಂದು ಆಜ್ಞೆ ಮಾಡಿದರೆ ಸಾಲದೆ? ನ್ಯೂಯಾರ್ಕ್ ಸಂಸ್ಥಾನ 1993ರಲ್ಲಿ ಅದನ್ನೇ ಮಾಡಿತು: ಎಲ್ಲರಿಗೂ ಕೊಡಬೇಕು, ಒಂದೇ ದರಕ್ಕೆ ಕೊಡಬೇಕು. ಆದರೆ ಎಲ್ಲರೂ ಸೇರಲೇಬೇಕೆಂದು ಹೇಳಲಿಲ್ಲ. ಕಾಯಿಲೆ ಬಂದ ಮೇಲೆ ಸೇರಿದರಾಯಿತೆಂದು ಗಟ್ಟಿಗರು ಹೊರಗುಳಿದರು. ದರ ಏರುತ್ತ ಹೋಯಿತು. ಸ್ವಂತವಾಗಿ ವಿಮೆ ಕೊಳ್ಳುವವರ ಸಂಖ್ಯೆ ಕರಗಿಹೋಯಿತು. ಡಲ್ಲಾಸಿನ ಕಿಂಬಲ್ಲರು ಮುಕ್ಕಾಲು ಪಾಲಿನ ಕರಾರು ಹಾಕಿದ್ದೇಕೆಂಬುದು ಅರುವತ್ತು ವರ್ಷಗಳ ಮೇಲೆ ನ್ಯೂಯಾರ್ಕಿಗೆ ಮತ್ತೊಮ್ಮೆ ತಿಳಿದುಬಂದಿತು. ಒಬಾಮಾ ಅವರ ಕಾಲದಲ್ಲಿ, 2010ರ ಮಾರ್ಚ್ 23ರಂದು ಬಂದ ಶಾಸನ ಎರಡನ್ನೂ ಒಟ್ಟಿಗೆ ಕಟ್ಟಿತು: ಹಳೆಯ ಕಾಯಿಲೆಯ ನೆಪದಲ್ಲಿ ಯಾರನ್ನೂ ಬಿಡಬಾರದು, ಹೆಚ್ಚು ದರ ಕೇಳಬಾರದು, ಎಲ್ಲರೂ ವಿಮೆ ಮಾಡಿಸಬೇಕು, ಇಲ್ಲದಿದ್ದರೆ ದಂಡ. 2014ರ ಜನವರಿಯಿಂದ ಅದು ಜಾರಿಗೆ ಬಂದಿತು. ದಂಡವನ್ನು 2019ರಿಂದ ಸೊನ್ನೆ ಮಾಡಿದ್ದಾರೆ. ಬಡವರಿಗೆ ಸಹಾಯಧನವಿತ್ತು, ಒಂದು ಆದಾಯದ ಗೆರೆಯ ಮೇಲೆ ಹತ್ತು ಡಾಲರು ಹೆಚ್ಚು ದುಡಿಯುವ ಮಧ್ಯಮವರ್ಗದವನಿಗೆ ಅದಿಲ್ಲ. 2021ರಲ್ಲಿ ಆ ಗೆರೆಯನ್ನು ಸಡಿಲಿಸಿದಾಗಲೂ ಅವಧಿ ಹಾಕಿಯೇ ಸಡಿಲಿಸಿದರು.

ಇತ್ತ, ಒಂದು ಡಾಲರಿಗೆ ದಾನವಾಗಿದ್ದ ಇನ್ಸುಲಿನ್ ಏನಾಯಿತು? ಹಳೆಯ ರಸ ಹೋಗಿ ಹೊಸ ಹೊಸ ಬಗೆಗಳು ಬಂದುವು, ಹೊಸ ಪೇಟೆಂಟುಗಳೂ ಬಂದುವು. 1996ರಲ್ಲಿ ಅಮೆರಿಕದಲ್ಲಿ ಸೀಸೆಗೆ ಸುಮಾರು 21 ಡಾಲರಿಗೆ ಮಾರಾಟಕ್ಕೆ ಬಂದ ಹ್ಯೂಮಲಾಗ್ ಎಂಬ ಬಗೆಯ ಪಟ್ಟಿಯ ಬೆಲೆ ಇಪ್ಪತ್ತು ವರ್ಷಗಳಲ್ಲಿ ಸುಮಾರು 275 ಡಾಲರಿಗೆ ಏರಿತು. ವಿಮೆಯಿಲ್ಲದವರು ಚುಚ್ಚುವ ಪ್ರಮಾಣವನ್ನು ತಾವೇ ಕಡಿಮೆ ಮಾಡಿಕೊಂಡು ದಿನ ದೂಡಿದರು. ಪ್ರಾಣ ಕಳೆದುಕೊಂಡವರೂ ಉಂಟು. 2023ರಿಂದ ಮೆಡಿಕೇರಿನವರಿಗೆ ತಿಂಗಳಿಗೆ 35 ಡಾಲರಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಶಾಸನವಾಗಿದೆ. ಕಂಪನಿಗಳೂ ಪಟ್ಟಿಯ ಬೆಲೆಯನ್ನು ಬಹುವಾಗಿ ಇಳಿಸುವುದಾಗಿ ಅದೇ ವರ್ಷ ಸಾರಿದುವು.

ಈಗ ನಮ್ಮ ಜಗಲಿಗೆ ಬರೋಣ. ಕಾರ್ಖಾನೆಯ ಕಾರ್ಮಿಕರಿಗೆ 1948ರ ಶಾಸನದಂತೆ ಇ.ಎಸ್.ಐ. ಬಂದಿತು, 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರದ ನೌಕರರಿಗೆ 1954ರಲ್ಲಿ ಬೇರೆ ಏರ್ಪಾಡಾಯಿತು. ಮಿಕ್ಕ ಮಧ್ಯಮವರ್ಗದವರು 1986ರವರೆಗೆ ಕಾಯಬೇಕಾಯಿತು. ಆ ವರ್ಷ ಸರ್ಕಾರಿ ವಿಮಾ ಕಂಪನಿಗಳು 'ಮೆಡಿಕ್ಲೈಮ್' ತಂದುವು. ಆಸ್ಪತ್ರೆಯ ಹಾಸಿಗೆ ಹಿಡಿದರೆ ಹಣ. ಮೊದಲೇ ಇದ್ದ ಕಾಯಿಲೆಗೆ ಇಲ್ಲ. ಡಲ್ಲಾಸಿನ ಗುಣವೂ ಆಮೇಲಿನ ಅಮೆರಿಕದ ಗುಣವೂ ಸೇರಿಯೇ ನಮಗೆ ಬಂದುವೆನ್ನಬೇಕು. ಡಲ್ಲಾಸಿನ ಶುದ್ಧ ರೂಪವನ್ನು ಕಾಣಬೇಕಾದರೆ 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತರಿಗಾಗಿ ಆರಂಭವಾದ ಯಶಸ್ವಿನಿಯನ್ನು ನೋಡಬೇಕು. ಡಾಕ್ಟರ್ ದೇವಿ ಶೆಟ್ಟಿಯವರ ಪ್ರೇರಣೆಯಿಂದ ಹುಟ್ಟಿದ ಅದರಲ್ಲಿ ಸದಸ್ಯನ ಪಾಲು ಮೊದಲಿಗೆ ತಿಂಗಳಿಗೆ ಐದು ರೂಪಾಯಿ. ಮೊದಲ ವರ್ಷವೇ ಹದಿನಾರು ಲಕ್ಷ ಜನ ಸೇರಿದರು. ಉಪಾಧ್ಯಾಯಿನಿಯರ ಐವತ್ತು ಸೆಂಟಿಗೂ ನಮ್ಮ ರೈತನ ಐದು ರೂಪಾಯಿಗೂ ಒಂದೇ ಲೆಕ್ಕ: ಎಲ್ಲರೂ ಸೇರಿದರೆ ಅಗ್ಗ. ಆದರೆ ಅದೂ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ಹೃದಯ ಬಗೆದು ಸರಿಮಾಡಿಸಿಕೊಳ್ಳಬಹುದು, ದಿನದ ಗುಳಿಗೆ ಸ್ವಂತ ಜೇಬಿನಿಂದ. 2018ರಲ್ಲಿ ಅದನ್ನು ಬೇರೊಂದು ಯೋಜನೆಯಲ್ಲಿ ಕರಗಿಸಿ, ಕೆಲವು ವರ್ಷಗಳ ಮೇಲೆ ಮತ್ತೆ ಎಬ್ಬಿಸಿದರು. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಬಂದಿತು. ಮೂತ್ರಪಿಂಡಕ್ಕೆ ಇಲ್ಲಿಯೂ ಮೊದಲ ಮಣೆ.

ನಮ್ಮಂಥವರಿಗೆ ಕೆಲವು ಬಾಗಿಲುಗಳು ಈಚೆಗೆ ಸಡಿಲಾಗಿವೆಯೆಂಬುದನ್ನು ಹೇಳದಿದ್ದರೆ ತಪ್ಪಾದೀತು. ಹಳೆಯ ಕಾಯಿಲೆಗೆ ಕಾಯಿಸಬಹುದಾದ ಅವಧಿಯನ್ನು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. 65 ದಾಟಿದವರಿಗೂ ಹೊಸ ಪಾಲಿಸಿ ಕೊಡುವ ದಾರಿ ತೆರೆಯಿತು. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗಳ ಮೇಲಿನ ನೂರಕ್ಕೆ ಹದಿನೆಂಟರ ತೆರಿಗೆಯೂ ಹೋಗಿದೆ. ಆದರೆ ಬಾಗಿಲು ತೆರೆದಿರುವುದು ಬೇರೆ, ಒಳಗಿನ ಬೆಲೆ ಬೇರೆ. ಮೂರು ವರ್ಷ ಕಂತು ಕಟ್ಟುತ್ತ ಕಾಯುವಷ್ಟು ಹಣವೂ ತಾಳ್ಮೆಯೂ ಇದ್ದವನಿಗೆ ಅದು ತೆರೆದ ಬಾಗಿಲು.

ಅಂದು ಆ ಹುಡುಗನಿಗೆ ನಾನು ಇದಾವುದನ್ನೂ ಹೇಳಲಿಲ್ಲ. ಕಾಫಿಯ ಲೋಟಗಳನ್ನು ತಂದಿಟ್ಟ ನನ್ನ ಹೆಂಡತಿ ಮೇಜಿನ ಮೇಲಿದ್ದ ಕಾಗದವನ್ನು ಎತ್ತಿ ನೋಡಿದಳು. ಇಬ್ಬರದೂ ಬೇರೆ ಬೇರೆ ಪಾಲಿಸಿ. ಆಕೆಗೆ ದೇವರ ದಯದಿಂದ ಸಕ್ಕರೆಯೂ ಇಲ್ಲ, ರಕ್ತದೊತ್ತಡವೂ ಇಲ್ಲ.

"ನಿಮ್ಮದನ್ನ ಕಟ್ಟಿಬಿಡಿ ಅಂದ್ರೆ. ನನ್ನದನ್ನ ಈ ವರ್ಷ ಬಿಟ್ಟುಬಿಡೋಣ. ನನಗೇನಾಗಿದೆ?" ಎಂದಳು.

"ಅಯ್ಯೋ, ಹಾಗೆ ಮಾಡಬೇಡಿ ಆಂಟಿ" ಎಂದ ಹುಡುಗ, ಲೋಟವನ್ನು ಕೆಳಗಿಟ್ಟು. "ಆಮೇಲೆ ಬೇಕು ಅಂದಾಗ ಸಿಗೋದಿಲ್ಲ."

ಹಣ ಕಟ್ಟಲು ಕೊನೆಯ ದಿನ ಇಪ್ಪತ್ತನೆಯ ತಾರೀಖು. ನನ್ನದನ್ನು ಕಟ್ಟಿದ್ದೇನೆ. ಅವಳದಕ್ಕೆ ಇನ್ನೂ ಆರು ದಿನವಿದೆ.